ವರದಿಯಲ್ಲಿ ಇಲ್ಲದ ಹಳ್ಳ

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಮೂವರು ಹುಡುಗರು ಬಂದು ನಮ್ಮ ಬಾವಿಯ ನೀರನ್ನು ಎರಡು ಬಾಟಲಿಗಳಲ್ಲಿ ತುಂಬಿಕೊಂಡು, ಮೊಬೈಲಿನಲ್ಲಿ ಜಾಗದ ಗುರುತು ಹಾಕಿಕೊಂಡು ಹೋದರು. ಏತಕ್ಕೆ ಎಂದು ಕೇಳಿದ್ದಕ್ಕೆ ‘ಸರ್ವೆ’ ಎಂದಷ್ಟೇ ಉತ್ತರ. ಅತ್ತಿಗೆ ಅವರಿಗೆ ಮಜ್ಜಿಗೆ ಕೊಟ್ಟು ಕಳಿಸಿದರು. ಹೊಸ ರಾಷ್ಟ್ರೀಯ ಹೆದ್ದಾರಿಯ ಪರಿಸರ ಅಧ್ಯಯನ ನಮ್ಮ ಅಂಗಳಕ್ಕೇ ಬಂದು ಅರ್ಧ ಗಂಟೆಯಲ್ಲಿ ಮುಗಿದೂ ಹೋಗಿತ್ತು ಎಂಬುದು ಗೊತ್ತಾಗಿದ್ದು ಎಂಟು ತಿಂಗಳ ಮೇಲೆ.

ಆ ಹೆದ್ದಾರಿಗೆ ಪರಿಸರ ಅನುಮತಿ ಸಿಕ್ಕಿ ಈಗ ಮೂರು ವಾರ. ಈ ಒಂದೂವರೆ ವರ್ಷದಲ್ಲಿ ನಾನು ಎಲ್ಲೆಲ್ಲಿ ಎಡವಿದೆ, ಯಾವ ಬಾಗಿಲು ತಟ್ಟಿದರೆ ತೆರೆಯಿತು ಎಂಬುದನ್ನು ನೆನಪು ಮಾಸುವ ಮೊದಲು ಬರೆದಿಡುತ್ತಿದ್ದೇನೆ. ರಸ್ತೆ ಬೇಕೋ ಬೇಡವೋ ಎಂಬ ವಾದ ಇಲ್ಲಿಲ್ಲ. ಅದು ನಮ್ಮ ಮನೆಯ ಊಟದ ಪಂಕ್ತಿಯಲ್ಲಿಯೇ ಇನ್ನೂ ಮುಗಿದಿಲ್ಲ.

ನವೆಂಬರ್ ಎಂದರೆ ಅಡಿಕೆ ಕೊಯ್ಲಿನ ಗಡಿಬಿಡಿ. ಸುಲಿಯುವ ಜಾಗದಲ್ಲಿ ಹಾಸಲು ಅತ್ತಿಗೆ ಹಳೆಯ ಪತ್ರಿಕೆ ಬಿಡಿಸಿದಾಗ ಒಳಪುಟದಲ್ಲಿ ಅಂಗೈ ಅಗಲದ ಪ್ರಕಟಣೆಯೊಂದು ಕಣ್ಣಿಗೆ ಬಿತ್ತು: ‘ಪರಿಸರ ಸಾರ್ವಜನಿಕ ಆಲಿಕೆ ಸಭೆ’, ಅಂದರೆ ಯೋಜನೆಯ ಬಗ್ಗೆ ಜನರ ಮಾತು ಕೇಳುವ ಸಭೆ. ನಮ್ಮ ಊರಿನ ಹೆಸರು ಅದರಲ್ಲಿತ್ತು, ಕಾಗುಣಿತ ತಪ್ಪಿದ್ದರಿಂದ ಎರಡು ಸಲ ಓದಬೇಕಾಯಿತು. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಪ್ರಕಾರ ಇಂಥ ಪ್ರಕಟಣೆ ಒಂದು ರಾಷ್ಟ್ರೀಯ ದಿನಪತ್ರಿಕೆಯಲ್ಲಿ ಮತ್ತು ಒಂದು ಪ್ರಾದೇಶಿಕ ಭಾಷೆಯ ದಿನಪತ್ರಿಕೆಯಲ್ಲಿ ಬರಬೇಕು, ಜನರಿಗೆ ಕನಿಷ್ಠ 30 ದಿನಗಳ ಕಾಲಾವಕಾಶ ಕೊಡಬೇಕು. ಕೊಟ್ಟಿದ್ದರು. ಆದರೆ ಅತ್ತಿಗೆಯ ಕೈಗೆ ಆ ಪತ್ರಿಕೆ ಸಿಕ್ಕಿದಾಗ ಅದು ಒಂಬತ್ತು ದಿನ ಹಳೆಯದು. ನಿಮ್ಮ ಭಾಗದಲ್ಲಿ ಹೆದ್ದಾರಿಯ ಮಾತು ಕೇಳಿಬರುತ್ತಿದ್ದರೆ ದಿನವೂ ಒಳಪುಟದ ಜಾಹೀರಾತುಗಳನ್ನು ನೋಡುವ ಕೆಲಸವನ್ನು ಮನೆಯಲ್ಲಿ ಯಾರಿಗಾದರೂ ವಹಿಸಿ. ಪತ್ರಿಕೆಯ ಆ ಪುಟವನ್ನು ದಿನಾಂಕ ಕಾಣುವಂತೆ ಹಾಗೆಯೇ ಎತ್ತಿಡಿ. ನಮ್ಮದು ಅಡಿಕೆಯ ಕಲೆಯೊಂದಿಗೆ ಇವತ್ತಿಗೂ ಕಡತದಲ್ಲಿದೆ.

ಪರಿಸರ ಅಧ್ಯಯನದ ಕರಡು ವರದಿಯನ್ನು ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರ, ಸಂಬಂಧಪಟ್ಟ ಸ್ಥಳೀಯ ಸಂಸ್ಥೆಗಳಲ್ಲಿ ನೋಡಬಹುದು ಎಂದು ಪ್ರಕಟಣೆ ಹೇಳುತ್ತಿತ್ತು. ಹತ್ತಿರದ್ದು ಎಂದು ಮೊದಲು ಪಂಚಾಯಿತಿಗೆ ಹೋದೆ. ಅಲ್ಲಿ ಇದ್ದುದು ಕನ್ನಡದ ಸಾರಾಂಶ ಮಾತ್ರ, ಇಪ್ಪತ್ತೆರಡು ಪುಟ. ಮರುದಿನ ಎರಡು ಬಸ್ ಬದಲಿಸಿ ಜಿಲ್ಲಾ ಕೇಂದ್ರದ ಒಂದು ಕಚೇರಿಗೆ ಹೋದರೆ ವರದಿ ಇರುವುದು ಬೀರುವಿನಲ್ಲಿ, ಬೀರುವಿನ ಕೀಲಿ ಇರುವುದು ರಜೆಯಲ್ಲಿದ್ದ ಗುಮಾಸ್ತರ ಹತ್ತಿರ. ಅವತ್ತು ಬಂದ ದಾರಿಗೆ ಸುಂಕವಿಲ್ಲದೆ ವಾಪಸಾದೆ. ನಾಲ್ಕು ದಿನ ಬಿಟ್ಟು ಹೋದಾಗ ಕೈಗೆ ಸಿಕ್ಕಿದ್ದು ಆರು ನೂರಕ್ಕೂ ಹೆಚ್ಚು ಪುಟಗಳ ಇಂಗ್ಲಿಷ್ ಗ್ರಂಥ. ಅಲ್ಲಿಯೇ ಕುಳಿತು ಓದಬೇಕು, ಹೊರಗೆ ಒಯ್ಯುವಂತಿಲ್ಲ. ನಮ್ಮ ಊರಿಗೆ ಸಂಬಂಧಿಸಿದ ಪುಟಗಳನ್ನು ಹುಡುಕುವಷ್ಟರಲ್ಲಿ ಊಟದ ಹೊತ್ತಾಗಿ ಎಬ್ಬಿಸಿದರು. ಇಷ್ಟೆಲ್ಲ ಆದ ಮೇಲೆ, ಅದೇ ವರದಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿ ಇದೆ ಎಂದು ಬೆಂಗಳೂರಿನಲ್ಲಿರುವ ಅಣ್ಣನ ಮಗ ಒಂದೇ ನಿಮಿಷದಲ್ಲಿ ಹುಡುಕಿ ಹೇಳಿದ. ನನ್ನ ಎರಡು ದಿನ ಹೋಗಿತ್ತು. ನೀವು ಮೊದಲು ಜಾಲತಾಣ ನೋಡಿ, ಆಮೇಲೆ ಬಸ್ ಹತ್ತಿ. ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ತಾಣದಲ್ಲಿ ಅರ್ಜಿ, ನಕ್ಷೆ, ಅಧ್ಯಯನ ಹೇಗಿರಬೇಕೆಂದು ಸಚಿವಾಲಯವೇ ಹೇಳಿದ ಪತ್ರ ಎಲ್ಲವೂ ಸಿಗುತ್ತವೆ. ಆ ಕೊನೆಯ ಪತ್ರವನ್ನು ಬಿಡಬೇಡಿ. ವರದಿಯಲ್ಲಿ ಏನೇನು ಇರಲೇಬೇಕು ಎಂಬ ಪಟ್ಟಿ ಅದು. ಅದನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಏನು ಬಿಟ್ಟುಹೋಗಿದೆ ಎಂಬುದು ತಾನಾಗಿ ಕಾಣುತ್ತದೆ.

ಓದುವುದು ಮಾತ್ರ ಬೇರೆಯದೇ ಯಾತನೆ. ವರದಿಯಲ್ಲಿ ಊರುಗಳಿಗಿಂತ ಹೆಚ್ಚಾಗಿ ‘ಚೈನೇಜ್’ ಇರುತ್ತದೆ. ಚೈನೇಜ್ 38+400 ಎಂದರೆ ರಸ್ತೆ ಶುರುವಾಗುವ ಬಿಂದುವಿನಿಂದ 38 ಕಿಲೋಮೀಟರ್ 400 ಮೀಟರ್ ದೂರ. ಇದು ತಿಳಿಯುವ ತನಕ ನಾನು ಅವನ್ನು ಸರ್ವೆ ನಂಬರ್ ಎಂದು ತಿಳಿದು ಪಹಣಿಯ ಜೊತೆ ತಾಳೆ ನೋಡುತ್ತಿದ್ದೆ. ಕನ್ನಡ ಸಾರಾಂಶವಂತೂ ಇನ್ನೂ ಸೊಗಸು. ‘ಯೋಜನೆಗಾಗಿ ಸಾಲದ ಪ್ರದೇಶಗಳನ್ನು ಗುರುತಿಸಲಾಗಿದೆ’ ಎಂಬ ವಾಕ್ಯ ಓದಿ ದೊಡ್ಡಪ್ಪ, ‘ರಸ್ತೆಗೆ ಬ್ಯಾಂಕಿನಲ್ಲಿ ಸಾಲ ತೆಗೆಯುತ್ತಾರಂತೆ, ನಮ್ಮ ಗುಡ್ಡ ಅಡವಿಡುತ್ತಾರೋ ಏನೋ’ ಎಂದರು. ಇಂಗ್ಲಿಷ್ ಪ್ರತಿ ನೋಡಿದರೆ ಅದು ‘ಬಾರೋ ಏರಿಯಾ’, ಅಂದರೆ ರಸ್ತೆಯ ಏರಿಗೆ ಬೇಕಾದ ಮಣ್ಣನ್ನು ಅಗೆದು ತರುವ ಜಾಗ. ದೊಡ್ಡಪ್ಪನ ಊಹೆ ಪೂರ್ತಿ ತಪ್ಪೇನೂ ಆಗಿರಲಿಲ್ಲ. ಅಗೆಯಲು ಗುರುತಿಸಿದ್ದು ನಮ್ಮ ಊರ ಹಿಂದಿನ ಗುಡ್ಡವನ್ನೇ.

ಅದನ್ನು ಓದಿ ನಕ್ಕು ಮುಗಿಸಿದ ಮೇಲೆ 38+400ಕ್ಕೆ ಬಂದೆ. ಹೆದ್ದಾರಿ ನಮ್ಮ ಹಳ್ಳವನ್ನು ದಾಟುವ ಜಾಗ ಅದು. ಕೋಷ್ಟಕದಲ್ಲಿ ಹಳ್ಳಕ್ಕೆ ಹೆಸರಿರಲಿಲ್ಲ. ‘ಒಣ ನಾಲೆ, ಹರಿವು ಇಲ್ಲ’ ಎಂದಿತ್ತು. ಪಕ್ಕದ ಕಾಲಂನಲ್ಲಿ 1.2 ಮೀಟರ್ ವ್ಯಾಸದ ಒಂದು ಪೈಪ್ ಮೋರಿ.

ಜೂನ್‌ನಿಂದ ಜನವರಿಯವರೆಗೆ ಹರಿಯುವ ಹಳ್ಳ ಅದು. ಏಳು ಮನೆಗಳ ತೋಟದ ನೀರೆಲ್ಲ ಅದಕ್ಕೇ ಬಸಿಯುತ್ತದೆ. ಆ ವರ್ಷದ ಆಗಸ್ಟ್‌ನಲ್ಲಿ ಅದರ ಮೇಲಿನ ಕಾಲುಸಂಕ ಕೊಚ್ಚಿಹೋಗಿ ಮಕ್ಕಳು ನಾಲ್ಕು ದಿನ ಶಾಲೆಗೆ ಹೋಗಿರಲಿಲ್ಲ. ಹಾಗಿದ್ದರೆ ವರದಿ ಸುಳ್ಳೇ ಎಂದು ಸಿಟ್ಟು ಬಂತು. ಪುಟ ತಿರುಗಿಸುತ್ತ ಹೋದಾಗ ಕಾರಣ ಸಿಕ್ಕಿತು. ಇಂಥ ಅಧ್ಯಯನಕ್ಕೆ ಮುಂಗಾರು ಬಿಟ್ಟು ಉಳಿದ ಒಂದು ಋತುವಿನ ಮಾಹಿತಿ ಸಾಕು. ಇವರು ಆರಿಸಿಕೊಂಡಿದ್ದು ಮಾರ್ಚ್‌ನಿಂದ ಮೇ. ಏಪ್ರಿಲ್‌ನಲ್ಲಿ ನಮ್ಮ ಹಳ್ಳದಲ್ಲಿ ದನ ಮಲಗಿರುತ್ತವೆ. ಬರೆದವರು ಕಂಡಿದ್ದನ್ನೇ ಬರೆದಿದ್ದರು. ಅದೇ ಲೆಕ್ಕದಲ್ಲಿ ಶಾಲೆಯ ಬಳಿ ಶಬ್ದ ಅಳೆದ ದಿನ ಹುಡುಕಿದೆ: ಮೇ ತಿಂಗಳು, ಬೇಸಿಗೆ ರಜೆ. ಶಾಲೆಯ ಸುತ್ತಲಿನ 100 ಮೀಟರ್ ಶಾಂತವಲಯ, ಹಗಲಿನ ಮಿತಿ 50 ಡೆಸಿಬೆಲ್. ಮಕ್ಕಳೇ ಇಲ್ಲದ ಶಾಲೆಯನ್ನು ಅಳೆದು, ರಸ್ತೆ ಬಂದರೂ ಕಲಿಕೆಗೆ ತೊಂದರೆಯಿಲ್ಲ ಎಂದು ಷರಾ ಹಾಕಿದ್ದರು.

ನನ್ನ ಮುಂದಿನ ಓಡಾಟವೆಲ್ಲ ಇಷ್ಟರ ಸುತ್ತ ನಡೆಯಿತು. ವರದಿಯಲ್ಲಿ ಇಲ್ಲದ ಹಳ್ಳವನ್ನು ವರದಿಯೊಳಗೆ ಸೇರಿಸುವುದು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಪರಿಸರ ಆಲಿಕೆ ಬೇರೆ, ಭೂಸ್ವಾಧೀನ ಬೇರೆ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಎ ಕಲಮಿನಲ್ಲಿ ನಿಮ್ಮ ಸರ್ವೆ ನಂಬರ್ ರಾಜಪತ್ರದಲ್ಲಿ ಪ್ರಕಟವಾದರೆ, 3ಸಿ ಪ್ರಕಾರ ಆಕ್ಷೇಪಣೆ ಸಲ್ಲಿಸಲು ಇರುವುದು 21 ದಿನ. ಅದನ್ನು ಕೊಡಬೇಕಾದದ್ದು ಭೂಸ್ವಾಧೀನ ಅಧಿಕಾರಿಗೆ, ಬರವಣಿಗೆಯಲ್ಲಿ. ಪಕ್ಕದ ಊರಿನವರೊಬ್ಬರು ‘ಆಲಿಕೆಯಲ್ಲಿ ಎಲ್ಲ ಹೇಳಿದರಾಯಿತು’ ಎಂದು ಕಾದು ಕುಳಿತು ಆ 21 ದಿನಗಳನ್ನು ಕಳೆದುಕೊಂಡರು. ಆಲಿಕೆಯ ದಿನ ಅವರು ಪಹಣಿ, ಮ್ಯುಟೇಷನ್ ಪ್ರತಿಗಳನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಎದೆಗವಚಿಕೊಂಡು ಬಂದಿದ್ದರು. ಅದು ಇಲ್ಲಿಯ ವಿಷಯವಲ್ಲ ಎಂದು ವೇದಿಕೆಯಿಂದ ಹೇಳಿದಾಗ ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ.

ಆಲಿಕೆಗೆ ಆಕ್ಷೇಪಣೆಯ ಪತ್ರ ಬರೆಯಲು ಕುಳಿತಾಗ ಮೊದಲ ಕರಡು ಒಂಬತ್ತು ಪುಟ ಬಂತು. ಅಜ್ಜ ತೋಟ ಮಾಡಿದ ಕಥೆಯಿಂದ ಶುರುವಾಗಿತ್ತು. ನಿವೃತ್ತ ಮುಖ್ಯೋಪಾಧ್ಯಾಯಿನಿಯಾದ ಚಿಕ್ಕಮ್ಮ ಕೆಂಪು ಪೆನ್ನು ಹಿಡಿದು ಒಂದೂವರೆ ಪುಟಕ್ಕೆ ಇಳಿಸಿದರು. ‘ನಿನ್ನ ಅಜ್ಜನನ್ನು ಅವರು ಎಲ್ಲಿ ಫೈಲ್ ಮಾಡುತ್ತಾರೆ? ಪುಟ ಸಂಖ್ಯೆ ಹಾಕು, ಚೈನೇಜ್ ಹಾಕು, ಏನು ತಪ್ಪು, ಏನು ಬೇಕು ಎಂದು ಬರೆ’ ಎಂದರು. ಹಾಗೆಯೇ ಬರೆದೆ: ಇಂಥ ಪುಟದಲ್ಲಿ ಒಣ ನಾಲೆ ಎಂದಿದೆ, ಹಳ್ಳ ಎಂಟು ತಿಂಗಳು ಹರಿಯುತ್ತದೆ, ಪುರಾವೆ ಲಗತ್ತಿಸಿದೆ, ಮಳೆಗಾಲದ ಹರಿವು ಅಳೆದು ಮೋರಿಯ ಬದಲು ಕಿರು ಸೇತುವೆ ವಿನ್ಯಾಸ ಮಾಡಬೇಕು, ಇಲ್ಲವಾದರೆ ಮೇಲ್ಭಾಗದ ತೋಟಗಳಲ್ಲಿ ನೀರು ನಿಲ್ಲುತ್ತದೆ. ಶಾಲೆಯ ವಿಷಯ ಬೇರೆ ಪತ್ರ, ಗುಡ್ಡದ ಮಣ್ಣಿನದು ಬೇರೆ. ಒಂದೇ ಪತ್ರಕ್ಕೆ ಇಡೀ ಊರಿನ ಸಹಿ ಹಾಕಿಸುವ ಬದಲು ಏಳು ಮನೆಯವರೂ ತಮ್ಮ ತಮ್ಮ ತೋಟದ ವಿವರದೊಂದಿಗೆ ಬೇರೆ ಬೇರೆ ಕೊಟ್ಟೆವು.

ಪುರಾವೆಯ ಕಥೆಯೂ ಇದೆ. ಸಂಕ ಕೊಚ್ಚಿಹೋದ ದಿನದ ಚಿತ್ರಗಳು ಎಲ್ಲರ ವಾಟ್ಸಾಪಿನಲ್ಲಿದ್ದವು, ಆದರೆ ವಾಟ್ಸಾಪಿನಲ್ಲಿ ಹಾದುಬಂದ ಚಿತ್ರದಲ್ಲಿ ತೆಗೆದ ದಿನ, ಜಾಗದ ಮಾಹಿತಿ ಉಳಿಯುವುದಿಲ್ಲ. ಮೂಲ ಚಿತ್ರ ಯಾರ ಮೊಬೈಲಿನಲ್ಲಿದೆ ಎಂದು ಹುಡುಕುವುದೇ ಮೂರು ದಿನದ ಕೆಲಸವಾಯಿತು. ಕೊನೆಗೆ ಸಿಕ್ಕಿದ್ದು ಹಾಲು ಹಾಕುವ ಹುಡುಗನ ಒಡೆದ ಪರದೆಯ ಮೊಬೈಲಿನಲ್ಲಿ.

ಪತ್ರಗಳನ್ನು ಅಂಚೆಗೆ ಹಾಕದೆ ಖುದ್ದಾಗಿ ಒಯ್ದು, ನಕಲು ಪ್ರತಿಯ ಮೇಲೆ ಸ್ವೀಕೃತಿ ಮೊಹರು, ದಿನಾಂಕ ಹಾಕಿಸಿಕೊಂಡೆ. ಟಪಾಲು ವಿಭಾಗದಲ್ಲಿ ‘ಸಭೆಯಲ್ಲೇ ಕೊಡಿ, ಇಲ್ಲೇಕೆ’ ಎಂದರು. ನಗುತ್ತಲೇ ನಿಂತೆ. ಮುಕ್ಕಾಲು ಗಂಟೆಯ ಮೇಲೆ ಮೊಹರು ಬಿತ್ತು.

ಆಲಿಕೆಯ ದಿನ ಶಾಲೆಯ ಮೈದಾನದಲ್ಲಿ ಶಾಮಿಯಾನ, ಮುನ್ನೂರು ಕುರ್ಚಿ, ಸುತ್ತ ಪೊಲೀಸರು. ಹನ್ನೊಂದಕ್ಕೆ ಎಂದಿದ್ದು ಹನ್ನೆರಡೂಕಾಲಿಗೆ ಶುರುವಾಯಿತು. ಬಾಗಿಲಲ್ಲಿ ಎರಡು ಪುಸ್ತಕಗಳಿದ್ದವು, ಒಂದು ಹಾಜರಾತಿಗೆ, ಇನ್ನೊಂದು ಮಾತನಾಡುವವರ ಹೆಸರಿಗೆ. ಮೊದಲನೆಯದಕ್ಕೆ ಸಹಿ ಹಾಕಿ ಒಳಗೆ ಹೋದ ಎಷ್ಟೋ ಜನ ಆಮೇಲೆ ಸರದಿಗಾಗಿ ಒದ್ದಾಡಿದರು. ಎರಡನ್ನೂ ಕೇಳಿ.

ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿಗಿಂತ ಕೆಳಗಲ್ಲದ ಅವರ ಪ್ರತಿನಿಧಿ ಸಭೆ ನಡೆಸಬೇಕು, ಪೂರ್ತಿ ವಿಡಿಯೊ ಆಗಬೇಕು ಎಂಬುದು ನಿಯಮ. ಎರಡೂ ಇದ್ದವು. ಬಂದವರೆಲ್ಲ ಕೈ ಎತ್ತಿ ಬೇಡ ಎಂದರೆ ರಸ್ತೆ ನಿಲ್ಲುತ್ತದೆ ಎಂದು ನಮ್ಮಲ್ಲಿ ಅರ್ಧ ಜನ ನಂಬಿದ್ದರು. ಇಲ್ಲಿ ಮತ ಎಣಿಸುವುದಿಲ್ಲ. ಇಷ್ಟೇ ಜನ ಬರಬೇಕೆಂಬ ಕೋರಂ ಕೂಡ ಇಲ್ಲ, ಹತ್ತು ಜನ ಬಂದರೂ ಸಭೆ ಸಭೆಯೇ. ವರದಿ ತಯಾರಿಸಿದ ಸಲಹೆಗಾರ ಸಂಸ್ಥೆಯವರು ಪರದೆಯ ಮೇಲೆ ಚಿತ್ರ ತೋರಿಸುತ್ತ ಅರ್ಧ ಗಂಟೆ ಮಾತನಾಡಿದರು. ಬಿಸಿಲಿಗೆ ಪರದೆ ಬೆಳ್ಳಗೆ ಕಾಣುತ್ತಿತ್ತು. ಆಮೇಲೆ ಮುಖಂಡರ ಸರದಿ. ಪರವಾಗಿ ಒಬ್ಬರು, ವಿರುದ್ಧವಾಗಿ ಇಬ್ಬರು, ಒಬ್ಬರು ಎರಡೂ ಆಗಿ. ನಡುವೆ ಒಬ್ಬ ಯುವಕ ಎದ್ದು, ಹೆರಿಗೆ ನೋವಿನ ತಂಗಿಯನ್ನು ಕಿತ್ತುಹೋದ ರಸ್ತೆಯಲ್ಲಿ ಎರಡೂವರೆ ಗಂಟೆ ಕರೆದೊಯ್ದ ರಾತ್ರಿಯ ಬಗ್ಗೆ ಹೇಳಿದ. ಶಾಮಿಯಾನದ ಕೆಳಗೆ ಯಾರೂ ಕೆಮ್ಮಲಿಲ್ಲ. ಅವನ ನಂತರ ಬಂದದ್ದು ನನ್ನ ಹೆಸರು.

ಕೈ ನಡುಗುತ್ತಿತ್ತು. ಅಜ್ಜನ ಕಥೆ ನಾಲಿಗೆಯ ತುದಿಗೆ ಬಂದು ನಿಂತಿತ್ತು, ಚಿಕ್ಕಮ್ಮ ಮೊದಲ ಸಾಲಿನಲ್ಲಿ ಕುಳಿತಿದ್ದರಿಂದ ನುಂಗಿಕೊಂಡೆ. ಪುಟ ಸಂಖ್ಯೆ, ಚೈನೇಜ್, ಒಣ ನಾಲೆ ಎಂಬ ಪದ, ಆಗಸ್ಟ್‌ನ ಚಿತ್ರ. ಮೂರು ನಿಮಿಷದಲ್ಲಿ ಮುಗಿಸಿ, ಇದನ್ನು ನಡಾವಳಿಯಲ್ಲಿ ಸೇರಿಸಬೇಕು ಎಂದು ಕೇಳಿ, ಪತ್ರದ ಇನ್ನೊಂದು ಪ್ರತಿಯನ್ನು ವೇದಿಕೆಗೆ ಕೊಟ್ಟೆ. ಯೋಜನೆಯವರು ‘ಪರಿಶೀಲಿಸಲಾಗುವುದು’ ಎಂದರು. ಆ ದಿನ ಆ ಪದವನ್ನು ನಾನು ನಲವತ್ತು ಸಲವಾದರೂ ಕೇಳಿರಬೇಕು.

ಮೂರು ಗಂಟೆಗೆ ಎಲ್ಲರ ಹೊಟ್ಟೆ ತಾಳ ಹಾಕುತ್ತಿತ್ತು. ಕೊನೆಯ ಮಾತುಗಾರರು ಇಳಿಯುತ್ತಿದ್ದಂತೆ ಜನ ಬಸ್ಸಿನತ್ತ ಓಡಿದರು. ಉಳಿದದ್ದು ಇಪ್ಪತ್ತು ಜನ ಇರಬಹುದು. ಈ ಬರಹದಿಂದ ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ: ಎದ್ದು ಹೋಗಬೇಡಿ. ಸಭೆಯ ಕೊನೆಯಲ್ಲಿ ಅಂದಿನ ಕಲಾಪದ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಸಭಿಕರಿಗೆ ಓದಿ ಹೇಳಬೇಕು, ಆಮೇಲೆಯೇ ಅದಕ್ಕೆ ಅಧಿಕಾರಿಗಳ ಸಹಿ ಬೀಳಬೇಕು. ಓದತೊಡಗಿದರು. ಪರಿಹಾರ, ಉದ್ಯೋಗ, ಧೂಳು, ಸರ್ವಿಸ್ ರಸ್ತೆ, ಶಾಲೆಯ ಶಬ್ದ ಎಲ್ಲ ಬಂತು. ಹಳ್ಳ ಬರಲಿಲ್ಲ. ಎದ್ದು ನಿಂತು ಕೇಳಿದೆ. ಬರೆದುಕೊಳ್ಳುತ್ತಿದ್ದವರು ತಮ್ಮ ಹಾಳೆ ಹಿಂದೆ ಮುಂದೆ ತಿರುವಿ, ‘ಚರಂಡಿ ಸಮಸ್ಯೆ ಎಂದು ಬರೆದಿದ್ದೇವಲ್ಲ’ ಎಂದರು. ಚರಂಡಿಯಲ್ಲ, ಹಳ್ಳ, ಎಂದೆ. ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ ನನ್ನ ಪತ್ರ ತರಿಸಿಕೊಂಡು ಓದಿದರು. ಚರಂಡಿ ಎಂಬ ಪದ ಹೊಡೆದುಹಾಕಿ ಹಳ್ಳದ ಹೆಸರು, ಚೈನೇಜ್, ಮಳೆಗಾಲದ ಹರಿವು ಎಂದು ತಮ್ಮ ಮುಂದೆಯೇ ತಿದ್ದಿಸಿದರು. ಹೆಚ್ಚೆಂದರೆ ಎರಡು ನಿಮಿಷದ ಕೆಲಸ. ಹೊರಟುಹೋಗಿದ್ದರೆ ನಮ್ಮ ಹಳ್ಳ ಚರಂಡಿಯಾಗಿ ದೆಹಲಿಗೆ ಹೋಗುತ್ತಿತ್ತು.

ಆಮೇಲೆ ಕಾಯುವುದು. ನಡಾವಳಿಯನ್ನು ಪಂಚಾಯಿತಿ ಕಚೇರಿಯಲ್ಲಿ ಪ್ರದರ್ಶಿಸಬೇಕು, ಆದರೆ ನಮ್ಮ ಫಲಕದಲ್ಲಿ ಕಂಡದ್ದು ಲಸಿಕೆ ಶಿಬಿರದ ಹಳೆಯ ಚೀಟಿ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತದೆ. ಅರ್ಜಿ ಒಂದೇ ವಿಷಯದ್ದಾಗಿ 150 ಪದಗಳೊಳಗೆ ಇರಬೇಕು, ಪ್ರತಿಗೆ ಪುಟಕ್ಕೆ 2 ರೂಪಾಯಿ. ಇಪ್ಪತ್ತೇಳನೆಯ ದಿನ ಲಕೋಟೆ ಬಂತು. ತಿದ್ದಿದ ಸಾಲು ಇತ್ತು.

ಹೊಸ ರಾಷ್ಟ್ರೀಯ ಹೆದ್ದಾರಿ ‘ಎ’ ವರ್ಗದ ಯೋಜನೆ. ಅದನ್ನು ನೋಡುವುದು ಕೇಂದ್ರ ಸಚಿವಾಲಯದ ತಜ್ಞರ ಮೌಲ್ಯಮಾಪನ ಸಮಿತಿ. ಅಲ್ಲಿ ನಮಗೆ ಕುರ್ಚಿಯಿಲ್ಲ, ಆದರೆ ಸಭೆಯ ಕಾರ್ಯಸೂಚಿ ಪರಿವೇಶ್ ತಾಣದಲ್ಲಿ ಮುಂಚೆಯೇ ಬರುತ್ತದೆ. ಅಣ್ಣನ ಮಗ ಪ್ರತಿ ಸೋಮವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದ. ಫೆಬ್ರುವರಿಯಲ್ಲಿ ನಮ್ಮ ರಸ್ತೆಯ ಹೆಸರು ಕಂಡ ದಿನವೇ ನಡಾವಳಿಯ ಆ ಪುಟ, ಚಿತ್ರಗಳು, ಪತ್ರ ಎಲ್ಲವನ್ನೂ ಸಮಿತಿಯ ಕಾರ್ಯದರ್ಶಿಗೆ ಇ-ಮೇಲ್ ಮಾಡಿದೆವು. ಉತ್ತರ ಬರಲಿಲ್ಲ. ಯಾರೂ ಓದಿರಲಾರರು ಎಂದುಕೊಂಡೆ. ಎರಡು ವಾರದ ಮೇಲೆ ಸಭೆಯ ಟಿಪ್ಪಣಿ ಹೊರಬಂದಾಗ ಅದರಲ್ಲಿ ಯೋಜನೆ ಮುಂದೂಡಿದ್ದೂ, ಹಳ್ಳ ದಾಟುವ ಜಾಗಗಳ ಮಳೆಗಾಲದ ಹರಿವಿನ ಮಾಹಿತಿ ಕೇಳಿದ್ದೂ ಇತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಊರಲ್ಲಿ ಇಬ್ಬರು ಮಾತು ಬಿಟ್ಟರು, ರಸ್ತೆ ತಡವಾಗಿದ್ದಕ್ಕೆ ನಾನೇ ಕಾರಣವಂತೆ. ಇದಕ್ಕೂ ಸಿದ್ಧರಾಗಿರಿ.

ಮಳೆ ಶುರುವಾದ ಮೇಲೆ ಜೂನ್ ಕೊನೆಯಲ್ಲಿ ಅಳೆಯುವವರು ಬಂದರು. ಈ ಸಲ ಗಂಬೂಟು ಹಾಕಿಕೊಂಡು. ಅವರು ಎರಡು ದಿನ ಇದ್ದು ಹೋಗುವವರು ಎಂದು ನಾನೇ ಒಂದು ಅಡಿಕೆ ದಬ್ಬೆಗೆ ಅಡಿ, ಇಂಚಿನ ಗೆರೆ ಹಾಕಿ, ಹಳ್ಳದ ಬಂಡೆಗೆ ತಂತಿಯಿಂದ ಬಿಗಿದಿದ್ದೆ. ದಿನಾ ಬೆಳಿಗ್ಗೆ ನೀರಿನ ಮಟ್ಟವನ್ನು ಅಡಿಗೆಮನೆಯ ಕ್ಯಾಲೆಂಡರಿನ ಆಯಾ ದಿನಾಂಕದ ಚೌಕದಲ್ಲಿ ಬರೆಯುವ ಕೆಲಸ ಅತ್ತಿಗೆಯದು. ಆ ಹಾಳೆಗಳ ಪ್ರತಿಯನ್ನೂ ಕಳಿಸಿದೆವು.

ಸೆಪ್ಟೆಂಬರಿನಲ್ಲಿ ಅನುಮತಿ ಬಂತು. ಷರತ್ತುಗಳ ಪಟ್ಟಿಯಲ್ಲಿ ನಮ್ಮ ಹಳ್ಳಕ್ಕೆ ಪೈಪ್ ಮೋರಿಯ ಬದಲು ಕಿರು ಸೇತುವೆ ಇದೆ, ಹಳ್ಳದ ಹೆಸರಿನಲ್ಲಿ ಒಂದಕ್ಷರ ತಪ್ಪಾಗಿದೆ. ಶಾಲೆಗೆ ಶಬ್ದತಡೆ ಗೋಡೆ ಇದೆ. ಗುಡ್ಡದ ಮಣ್ಣಿನ ಬಗ್ಗೆ ‘ಅಗತ್ಯ ಅನುಮತಿಗಳನ್ನು ಪಡೆಯತಕ್ಕದ್ದು’ ಎಂಬ ಒಂದೇ ಸಾಲು. ಅಲ್ಲಿ ನಾವು ಸೋತೆವು. ಮಣ್ಣಿನ ಪತ್ರಕ್ಕೆ ನಾನು ಪುರಾವೆಯನ್ನೇ ಲಗತ್ತಿಸಿರಲಿಲ್ಲ.

ಅನುಮತಿಯನ್ನು ಪ್ರಶ್ನಿಸುವುದಾದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ 30 ದಿನಗಳೊಳಗೆ ಮೇಲ್ಮನವಿ ಹಾಕಬೇಕು. ಸಕಾರಣವಿದ್ದರೆ ಇನ್ನೂ 60 ದಿನ ಸಿಗಬಹುದು, ಅದರಾಚೆ ಇಲ್ಲ. ಪರಿಹಾರ ಕೇಳದ ಮನವಿಗೆ ಶುಲ್ಕ 1,000 ರೂಪಾಯಿ. ನಮಗೆ ದಕ್ಷಿಣ ಪೀಠ ಚೆನ್ನೈ. ಶುಲ್ಕ ಸಣ್ಣದು, ವಕೀಲರು ಮತ್ತು ಓಡಾಟದ ಖರ್ಚು ಸಣ್ಣದಲ್ಲ. ಏಳು ಮನೆಯವರು ಕುಳಿತು ಮಾತನಾಡಿ ಬೇಡ ಎಂದುಕೊಂಡೆವು. ಇಲ್ಲಿಯವರೆಗೆ ಬಸ್, ಜೆರಾಕ್ಸ್, ಮುದ್ರಣ, ಕೆಲಸ ಬಿಟ್ಟ ದಿನಗಳು ಎಲ್ಲ ಸೇರಿ ನನ್ನ ಲೆಕ್ಕಪುಸ್ತಕದಲ್ಲಿ 11,460 ರೂಪಾಯಿ ಇದೆ. ದೊಡ್ಡಪ್ಪ ಅದರಲ್ಲಿ ಅರ್ಧ ಕೊಡಲು ಬಂದರು, ಬೇಡವೆಂದರೂ ಒಂದು ಗೊನೆ ಬಾಳೆಹಣ್ಣು ಇಟ್ಟು ಹೋದರು.

ಷರತ್ತುಗಳು ಪಾಲನೆಯಾಗುತ್ತಿವೆಯೇ ಎಂದು ಯೋಜನೆಯವರು ಆರು ತಿಂಗಳಿಗೊಮ್ಮೆ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ವರದಿ ಕೊಡಬೇಕು. ಡಿಸೆಂಬರಿನ ವರದಿಯನ್ನು ಕಾಯುತ್ತಿದ್ದೇನೆ. ದಬ್ಬೆಯನ್ನು ಇನ್ನೂ ಬಿಚ್ಚಿಲ್ಲ. ಇವತ್ತು ಬೆಳಿಗ್ಗೆ ಮಂಜಿನಲ್ಲಿ ಬಗ್ಗಿ ನೋಡಿ ಬಂದ ಅತ್ತಿಗೆ ಕ್ಯಾಲೆಂಡರಿನಲ್ಲಿ ಬರೆದಿದ್ದು: 2 ಅಡಿ 7 ಇಂಚು.